ಮಾವ ಹೇಳದೆ ಬಿಟ್ಟ ಐಬು

ಎತ್ತು ಮಾರುವಾಗ ನನ್ನ ಸೋದರಮಾವ ಭೀಮಣ್ಣ ಮೊದಲು ಅದರ ಬೆನ್ನ ಮೇಲೆ ಕೈಯಿಡುತ್ತಿದ್ದ. ಆಮೇಲೆ ಕೊಳ್ಳಲು ಬಂದವರ ಎದುರಿಗೆ ಅದರ ಐಬುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಹೇಳುತ್ತಿದ್ದ. ಶಹಾಪುರದ ಸಂತೆಯಲ್ಲಿ ಉಳಿದವರು ಕೋಡಿಗೆ ಎಣ್ಣೆ ಸವರಿ, ಎತ್ತಿನ ವಯಸ್ಸು ಎರಡು ವರ್ಷ ಇಳಿಸಿ ಹೇಳುತ್ತಿದ್ದರೆ, ಅವರ ಪಕ್ಕದಲ್ಲೇ ನಿಂತು ಈ ಮನುಷ್ಯ, "ನೋಡ್ರಿ, ಈತಗ ಸಂಜಿಮುಂದ ಎಡಗಣ್ಣು ಮಂಜು. ನೀರು ಕಂಡ್ರ ಅಂಜತಾನ. ಹುಡುಗರು ಬಾಲ ಮುಟ್ಟಿದ್ರ ಒದಿತಾನ. ಇಷ್ಟಕ್ಕೂ ಒಪ್ಪಿಗಿ ಇದ್ರ ಹಗ್ಗ ಹಿಡೀರಿ" ಎನ್ನುತ್ತಿದ್ದ.

ದೋಷಕ್ಕೆ ನಮ್ಮ ಕಡೆ ಐಬು ಅನ್ನುತ್ತೇವೆ. ಮಾವನ ಬಾಯಲ್ಲಿ ಆ ಮಾತು ಬೈಗುಳವಾಗಿರಲಿಲ್ಲ. ಎತ್ತಿಗೆ ಬಣ್ಣ ಇದ್ದ ಹಾಗೆ ಐಬೂ ಇರುತ್ತದೆ, ಅಷ್ಟೆ. "ಐಬಿಲ್ಲದ್ದು ಅಂತ ಯಾವುದೂ ಇರೂದಿಲ್ಲೋ ಅಳಿಯಾ. ಐಬಿಲ್ಲ ಅಂದವನ ಬಾಯಾಗ ಐಬು ಇರತದ" ಎಂದು ನನಗೆ ಎಷ್ಟು ಸಲ ಹೇಳಿದ್ದನೋ. ಮಗಳನ್ನು ನೋಡಲು ಬೀಗರು ಬಂದಾಗಲೂ ಅವನು ಬಿಡಲಿಲ್ಲ. ಚಹಾದ ಕಪ್ಪು ಕೆಳಗಿಟ್ಟು, "ನಮ್ಮ ಹುಡುಗಿ ರೊಟ್ಟಿ ದಪ್ಪ ಬಡೀತಾಳ್ರಿ. ಸಿಟ್ಟು ಬಂದ್ರ ಎರಡು ದಿನ ಮಾತಾಡೂದಿಲ್ಲ" ಅಂದುಬಿಟ್ಟ. ಒಳಗಿನಿಂದ ಅವನ ಹೆಂಡತಿ ನೀಲಮ್ಮತ್ತಿ, "ಅಪ್ಪನ ಐಬೂ ಹೇಳ್ರಿ, ಅದನ್ಯಾಕ ಬಿಟ್ಟಿರಿ" ಎಂದಳು. ಬೀಗರು ನಕ್ಕರು. ಮದುವೆಯಾಯಿತು.

ನನ್ನ ತಂದೆ ಸತ್ತ ಮೇಲೆ ನನ್ನನ್ನು ಸುರಪುರದ ತನ್ನ ಮನೆಯಲ್ಲಿ ಬೆಳೆಸಿ, ಹೈಸ್ಕೂಲು ಮುಗಿಯುವ ತನಕ ಓದಿಸಿದವನು ಈ ಮಾವ. ಅವನಿಗೆ ಸಹಿ ಮಾಡಲು ಬರುತ್ತಿರಲಿಲ್ಲ. ಯಾದಗಿರಿ ಸ್ಟೇಷನ್ನಿಗೆ ಬಂದಿಳಿದವರನ್ನು ಶಹಾಪುರಕ್ಕೆ, ಸುರಪುರಕ್ಕೆ ಮುಟ್ಟಿಸುವ ಮೂರು ಸವಾರಿ ಬಂಡಿಗಳು, ಮೂರು ಜೋಡಿ ಎತ್ತು ಅವನವು. ಅದು ನಿಜಾಮರ ಆಳ್ವಿಕೆಯ ಕೊನೆಯ ಕಾಲ. ದೊಡ್ಡ ಲಡಾಯಿ ಆಗತಾನೇ ಮುಗಿದಿತ್ತು, ಪೆಟ್ರೋಲು ಇನ್ನೂ ಚೀಟಿಯ ಮೇಲೆಯೇ ಸಿಗುತ್ತಿತ್ತು. ಆದರೂ ರೈಲಿನಿಂದ ಇಳಿದವರ ಕಣ್ಣುಗಳು ಮೋಟಾರನ್ನೇ ಹುಡುಕುತ್ತಿದ್ದವು. ಮಾವನ ಬಂಡಿಗಳು ಬೇವಿನ ಗಿಡದ ಕೆಳಗೆ ಖಾಲಿ ನಿಲ್ಲುತ್ತಿದ್ದವು.

ನಾನು ಆಗ ಯಾದಗಿರಿಯ ಒಂದು ಹತ್ತಿ ಮಿಲ್ಲಿನಲ್ಲಿ ಬರೆಯುವ ಕೆಲಸಕ್ಕಿದ್ದೆ. ಒಬ್ಬ ಬಡಿಗನ ಅಂಗಳದ ಮೂಲೆಯ ಖೋಲಿಯಲ್ಲಿ ನನ್ನ ವಾಸ. ಮಿಲ್ಲಿನ ಸೇಠ ತನ್ನ ಹಳೆಯ ಮೋಟಾರು ಮಾರಬೇಕೆಂದಿದ್ದ. ಮಾವನಿಗೆ ಆ ಸುದ್ದಿ ಹೇಳಿದವನು ನಾನೇ. ಹೇಳಿದಾಗ ನನ್ನ ಮನಸ್ಸಿನಲ್ಲಿ ಮೋಸ ಇರಲಿಲ್ಲ. ಮೋಸ ಬಂದದ್ದು ಒಂದು ವಾರದ ಮೇಲೆ.

ಆ ಮೋಟಾರಿನ ಗೇರುಗಳು ಸವೆದು ಹೋಗಿದ್ದವು. ಓಡಿಸಿದರೆ ಕೆಳಗಿನಿಂದ ಊಳಿಡುವ ಸಪ್ಪಳ ಬರುತ್ತಿತ್ತು. ಸೇಠನ ಡ್ರೈವರ್ ಬಾಬುಮಿಯಾನಿಗೆ ಒಂದು ಉಪಾಯ ಗೊತ್ತಿತ್ತು. ಗೇರಿನ ಪೆಟ್ಟಿಗೆಯ ಎಣ್ಣೆಯಲ್ಲಿ ಕಟ್ಟಿಗೆಯ ಹೊಟ್ಟು ಕಲಸಿ ತುಂಬಿದರೆ ಕೆಲವು ದಿನ ಸಪ್ಪಳ ಅಡಗುತ್ತದೆ. "ನಿನ್ನ ಖೋಲಿ ಮುಂದನ ಬಿದ್ದದಲ್ಲ, ತಗೊಂಡು ಬಾ" ಎಂದ ಸೇಠ. ತಹಸೀಲ ಕಚೇರಿಯಲ್ಲಿ ಒಂದು ಗುಮಾಸ್ತಿಕೆ ಖಾಲಿ ಇತ್ತು. ನನ್ನ ಸಲುವಾಗಿ ಸಿಫಾರಸು ಪತ್ರ ಬರೆದುಕೊಡುವುದಾಗಿ ಅವನು ಆ ವಾರವೇ ಹೇಳಿದ್ದ. ಕೋಳಿಗಳ ಕೆಳಗೆ ಹಾಸಲು ಬೇಕು ಎಂದು ಬಡಿಗನಿಗೆ ಸುಳ್ಳು ಹೇಳಿ ಒಂದು ಚೀಲ ಹೊಟ್ಟು ತುಂಬಿಸಿಕೊಂಡು ಹೋದೆ. ಬಾಬುಮಿಯಾ ಕಲಸುವಾಗ ಡಬ್ಬಿ ಹಿಡಿದು ನಿಂತವನೂ ನಾನೇ.

ಮಾವ ಬಂದು ಮೋಟಾರನ್ನು ಎತ್ತು ನೋಡಿದ ಹಾಗೆಯೇ ನೋಡಿದ. ದೀಪದ ಗಾಜಿನ ಎದುರಿಗೆ ಕೈ ಆಡಿಸಿದ. ಗಾಲಿಗಳನ್ನು ಕೋಲಿನಿಂದ ಬಡಿದ. ಎಂಜಿನು ಚಾಲೂ ಮಾಡಿಸಿ ಅದರ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತ. ಆಮೇಲೆ, "ಸೇಠರ, ಈಗ ಐಬು ಹೇಳ್ರಿ" ಅಂದ.

"ಐಬಾ? ಏನೂ ಇಲ್ಲ. ಹೊಸಾದು ಇದ್ದಂಗ ಅದ."

ಮಾವನ ಮುಖ ಸಣ್ಣದಾಯಿತು. ನನ್ನ ಕಡೆ ತಿರುಗಿದ. "ಅಳಿಯಾ, ನೀ ದಿನಾ ನೋಡಾಂವ. ಓದಿದಾಂವ. ನೀ ಹೇಳು."

"ಏನಿಲ್ಲ ಮಾವಾ" ಎಂದೆ.

"ಹಂಗಾರ ಆತು" ಎಂದ. ಮತ್ತೊಂದು ಮಾತು ಕೇಳಲಿಲ್ಲ. ಮೂರು ಜೋಡಿ ಎತ್ತುಗಳನ್ನು, ಬಂಡಿಗಳನ್ನು ಅವುಗಳ ಐಬು ಹೇಳಿಯೇ ಮಾರಿ ಬಂದಿದ್ದ. ಜೊತೆಗೆ ಒಂದು ಹೊಸ ಹಗ್ಗ ತಂದಿದ್ದ. ಅದನ್ನು ಮೋಟಾರಿನ ಮುಂದಿನ ಕಬ್ಬಿಣಕ್ಕೆ ಕಟ್ಟಿ, ತುದಿಯನ್ನು ಸೇಠನ ಕೈಗೆ ಕೊಟ್ಟು, ಅವನ ಕೈಯಿಂದ ತಾನು ಮರಳಿ ಹಿಡಿದುಕೊಂಡ. ಮಿಲ್ಲಿನವರೆಲ್ಲ ನಕ್ಕರು. "ಅಜ್ಜಾ, ಹೊಟ್ಟು ಹಾಕತಿ ಏನು ಇದಕ್ಕ?" ಎಂದು ಒಬ್ಬ ಕೇಳಿದ. ಅವನು ದನದ ಮೇವಿನ ಮಾತಾಡಿದ್ದ. ನಾನು ಮಾತ್ರ ಬೇರೆ ಕಡೆ ಮುಖ ತಿರುಗಿಸಿದೆ.

ಹಗ್ಗ ಹಿಡಿದ ಮಾತ್ರಕ್ಕೆ ವ್ಯಾಪಾರ ಮುಗಿಯಿತೆಂದಲ್ಲ. ಮಾವನ ಮನೆತನದಲ್ಲಿ ಒಂದು ರಿವಾಜು ಇತ್ತು. ತಂದ ಎತ್ತನ್ನು ಮೂರು ದಿನ ಹಗ್ಗ ಸಮೇತ ಅಂಗಳದಲ್ಲೇ ಕಟ್ಟಬೇಕು. ಅಷ್ಟರಲ್ಲಿ ಮಾರಿದವನು ಹೇಳದ ಐಬು ಕಂಡರೆ ಅದೇ ಹಗ್ಗ ಹಿಡಿದು ತಿರುಗಿ ಒಯ್ದು ಕೊಡಬಹುದು, ಯಾರೂ ತಪ್ಪು ಅನ್ನುವಂತಿಲ್ಲ. ಆದರೆ ಮನೆಯ ಹೆಣ್ಣುಮಗಳು ಅದರ ಕಾಲಿಗೆ ನೀರು ಹಾಕಿ ಆರತಿ ಎತ್ತಿದಳೋ, ಅದು ಮನೆಯದಾಯಿತು. ಆಮೇಲೆ ಕುಂಟಲಿ, ಕುರುಡಾಗಲಿ, ಮಾರಿದವನಿಗೆ ತಿರುಗಿ ಕೊಡುವಂತಿಲ್ಲ. ಸೇಠನಿಗೂ ಈ ಮೂರು ದಿನದ ಮಾತು ಹೇಳಿಯೇ ಮಾವ ಹೊರಟ. ಸೇಠ ತಲೆಯಾಡಿಸಿ, ಬಾಬುಮಿಯಾನನ್ನೂ ನನ್ನನ್ನೂ ಮೂರು ದಿನದ ಮಟ್ಟಿಗೆ ಜೊತೆಗೆ ಕಳಿಸಿದ.

ಮೊದಲ ದಿನ ಮೋಟಾರು ಬೆಣ್ಣೆಯ ಹಾಗೆ ಸುರಪುರ ಮುಟ್ಟಿತು. ಎರಡನೆಯ ದಿನ ಮಾವ ಓಡಿಸಲು ಕಲಿಯಲು ಕೂತ. ನಿಲ್ಲಿಸಬೇಕಾದಾಗ ಕಾಲಿಗಿಂತ ಮೊದಲು ಅವನ ಬಾಯಿ "ಹೋ, ಹೋ" ಎನ್ನುತ್ತಿತ್ತು. ತಿರುಗಿಸುವಾಗ ಚಕ್ರವನ್ನು ಮೂಗುದಾಣದ ಹಗ್ಗದ ಹಾಗೆ ಎದೆಗೆ ಎಳೆದುಕೊಳ್ಳುತ್ತಿದ್ದ. ಓಣಿಯ ಜನ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಸಂಜೆಗೆ ಗುಡ್ಡದ ಏರಿನಲ್ಲಿ ಆ ಊಳು ಸಣ್ಣಗೆ ಮತ್ತೆ ಶುರುವಾಯಿತು. ಹಿಂದಕ್ಕೆ ತೆಗೆಯುವಾಗ ಗೇರು ತಾನಾಗಿ ಜಾರಿತು. ನಿಲ್ಲಿಸಿದ ಜಾಗದಲ್ಲಿ ಅಂಗೈಯಗಲ ಎಣ್ಣೆ ಬಿದ್ದಿತ್ತು.

ಮಾವ ಬಗ್ಗಿ ಆ ಎಣ್ಣೆಯಲ್ಲಿ ಬೆರಳು ಅದ್ದಿ ನೋಡಿದ. "ಇದು ಹಲ್ಲು ಕಡ್ಯಾಕತ್ತದ. ಒಳಗ ಬ್ಯಾನಿ ಅದ ಇದಕ್ಕ" ಅಂದ. ಬಾಬುಮಿಯಾ, "ಹಳೇ ಗಾಡಿ, ಅಷ್ಟು ಇರೂದ" ಅಂದ. ಮಾವ ಅವನಿಗೆ ಉತ್ತರ ಕೊಡದೆ ನನಗೆ ಹೇಳಿದ: "ಅಳಿಯಾ, ನಾಳಿ ಉಂಡು ತಿರುಗಿ ಒಯ್ಯೂಣು. ಎತ್ತು ತಗೊಂಡಾವರೂ ನಮ್ಮವರ. ಕೈಕಾಲು ಬಿದ್ದರ ತಿರುಗಿ ಕೊಟ್ಟಾರು."

ಅವನ ಬದುಕು ಉಳಿಯಲು ಇನ್ನೂ ಒಂದು ದಿನ ಇತ್ತು. ಅದನ್ನು ನಾನು ತಿಂದೆ. ಮೋಟಾರು ತಿರುಗಿ ಹೋದರೆ ಪೆಟ್ಟಿಗೆ ಬಿಚ್ಚುತ್ತಾರೆ, ಬಾಬುಮಿಯಾ ನನ್ನ ಹೆಸರು ಹೇಳುತ್ತಾನೆ, ಸಿಫಾರಸು ಹೋಗುತ್ತದೆ, ಮಾವನ ಎದುರು ನಿಲ್ಲಲು ನನಗೆ ಮುಖ ಇರುವುದಿಲ್ಲ. ಇಷ್ಟೇ ನನ್ನ ತಲೆಯಲ್ಲಿ ಓಡುತ್ತಿತ್ತು. ಮರುದಿನ ಬೆಳಿಗ್ಗೆ ಮಾವ ಸ್ನಾನಕ್ಕೆ ಬಾವಿಗೆ ಹೋದಾಗ ಅಡುಗೆಮನೆಗೆ ಹೋಗಿ, "ಅತ್ತಿ, ಇವತ್ತು ಸೋಮವಾರ, ಛಲೋ ದಿನ. ಆರತಿ ಮಾಡಿಬಿಡು ಅಂತ ಮಾವ ಹೇಳ್ಯಾನ" ಎಂದೆ.

"ಈಗ? ಹಿಟ್ಟು ಹಚ್ಚಿದ ಕೈ ಅದಲ್ಲೋ."

"ತೊಳಕೊಂಡು ಬಾ ಅತ್ತಿ."

ಪಾಪ, ಸಂತೋಷದಿಂದ ಬಂದಳು. ನಾಲ್ಕೂ ಗಾಲಿಗೆ ನೀರು ಹಾಕಿದಳು. ಮೂತಿಗೆ ಕುಂಕುಮ ಹಚ್ಚಿ ಆರತಿ ಎತ್ತಿದಳು. ತಟ್ಟೆ ಇನ್ನೂ ಕೈಯಲ್ಲಿತ್ತು, ಮಾವ ಒದ್ದೆ ಧೋತರದಲ್ಲಿ ಬಂದು ನಿಂತ. ಕುಂಕುಮ ನೋಡಿದ. ಅತ್ತಿಯ ಮುಖ ನೋಡಿದ. ಅವಳು ನಗುತ್ತಿದ್ದಳು. ನಾನು ಕಂಬದ ಮರೆಯಲ್ಲಿದ್ದೆ.

"ಆತು" ಅಂದ. ಮೋಟಾರಿನ ಮುಂದೆ ಕೂತು, ಬಿಗಿದ ಗಂಟನ್ನು ನಿಧಾನವಾಗಿ ಬಿಚ್ಚಿ, ಹಗ್ಗವನ್ನು ಸುತ್ತಿ ಒಳಗಿನ ಗೂಟಕ್ಕೆ ಹಾಕಿದ. ಆರತಿಗೆ ಯಾರು ಹೇಳಿದರೆಂದು ಅತ್ತಿಯನ್ನು ಅವನು ಕೇಳಿದನೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಅಂದೇ ಬಾಬುಮಿಯಾನ ಜೊತೆ ಯಾದಗಿರಿಗೆ ತಿರುಗಿ ಬಂದೆ.

ನಲವತ್ತು ದಿನವೂ ಓಡಲಿಲ್ಲ ಅದು. ಶಹಾಪುರದ ಈಚೆ ನಡುದಾರಿಯಲ್ಲಿ ಸವಾರಿಯವರನ್ನು ಕೂರಿಸಿಕೊಂಡೇ ನಿಂತಿತು. ಬೇರೆಯವರ ಎತ್ತು ಕಟ್ಟಿ ಊರಿಗೆ ಎಳೆದು ತಂದರು. ಸುದ್ದಿ ತಿಳಿದು ನಾನೂ ಹೋದೆ. ಹೋಗದಿದ್ದರೆ ಅನುಮಾನ ಬಂದೀತೆಂದು ಹೋದೆ. ಮಿಸ್ತ್ರಿ ಪೆಟ್ಟಿಗೆ ಬಿಚ್ಚಿದಾಗ ಒಳಗಿನಿಂದ ಕರಿ ಅಂಬಲಿಯಂಥದ್ದು ಬಂತು. "ಹೊಟ್ಟು ತುಂಬ್ಯಾರ ಯಾರೋ ಹಲ್ಕಟ್ಟರು" ಎಂದ. ಮುಚ್ಚಳದ ಒಳಮೈಗೆ ಬಡಿಗರ ಉಜ್ಜುಗೊರಡಿನಿಂದ ಎದ್ದ ಕಟ್ಟಿಗೆಯ ಸುರುಳಿಯೊಂದು ಅರೆದುಹೋಗದೆ ಹಾಗೇ ಅಂಟಿಕೊಂಡಿತ್ತು. ಮಾವ ಅದನ್ನು ತೆಗೆದು ಧೋತರಕ್ಕೆ ಒರೆಸಿ ಬೆಳಕಿಗೆ ಹಿಡಿದ. ಬಂಡಿ ಕಟ್ಟಿಸಿ ಮುದುಕನಾದವನು. ಕಟ್ಟಿಗೆಯ ನಾರು ಅವನಿಗೆ ಗೊತ್ತಾಗದಿದ್ದೀತೇ.

"ಸಾಗವಾನಿ" ಅಂದ.

ನಮ್ಮ ಸೀಮೆಯಲ್ಲಿ ಬಂಡಿಗೆ, ಬಾಗಿಲಿಗೆ ಎಲ್ಲಕ್ಕೂ ಜಾಲಿ, ಬೇವು. ಸಾಗವಾನಿ ಅಪರೂಪ. ಆ ವರ್ಷ ನನ್ನ ಖೋಲಿಯ ಮುಂದಿನ ಬಡಿಗ ಸೇಠನ ಹೊಸ ಮನೆಗೆ ಸಾಗವಾನಿ ಬಾಗಿಲು ಮಾಡುತ್ತಿದ್ದ. ಯಾದಗಿರಿಗೆ ಬಂದಾಗೆಲ್ಲ ಮಾವ ಮಲಗುತ್ತಿದ್ದದ್ದು ಅದೇ ಅಂಗಳದಲ್ಲಿ. ಬೆಳಿಗ್ಗೆ ಕಂಬಳಿ ಝಾಡಿಸಿದರೆ ಇಂಥವೇ ಸುರುಳಿ ಉದುರುತ್ತಿದ್ದವು. ಮಾವ ತಲೆಯೆತ್ತಿ ನನ್ನನ್ನು ಒಮ್ಮೆ ನೋಡಿದ. ಸುರುಳಿಯನ್ನು ಸೊಂಟದ ಚೀಲದಲ್ಲಿ ಇಟ್ಟುಕೊಂಡ. "ಅಳಿಯಾ, ಉಂಡು ಹೋಗು" ಎಂದಷ್ಟೇ ಹೇಳಿದ.

ಆ ಮೋಟಾರನ್ನು ಅವನಿಗೆ ಮಾರಲಾಗಲಿಲ್ಲ. ತಿಂಥಣಿಯ ಕಡೆಯಿಂದ ಒಬ್ಬ ಕೊಳ್ಳಲು ಬಂದಿದ್ದ. ಅವನಿಗೂ ಎಲ್ಲ ಐಬು ಹೇಳಿದ. ಅವನು ನೀರು ಕುಡಿದು ಎದ್ದು ಹೋದ. ಮೋಟಾರಿನ ಸೀಟಿನ ಮೇಲೆ ಕೋಳಿಗಳು ಮೊಟ್ಟೆಯಿಟ್ಟವು. ಮಾವ ಐವತ್ತೈದರ ವಯಸ್ಸಿನಲ್ಲಿ ಕಂಡವರ ಬಂಡಿ ಹೊಡೆಯಲು ಕೂಲಿಗೆ ಹೋದ. ನಾನು ತಹಸೀಲ ಕಚೇರಿಯಲ್ಲಿ ಗುಮಾಸ್ತನಾದೆ.

ಮರುವರ್ಷ ನನಗೆ ಹೆಣ್ಣು ಗೊತ್ತಾಯಿತು. ಮದುವೆಯಾಗಿ ಕೆಲವು ತಿಂಗಳ ಮೇಲೆ ಹೆಂಡತಿ ಒಂದು ದಿನ ನಗುತ್ತ ಹೇಳಿದಳು. ನನ್ನನ್ನು ಒಪ್ಪುವ ಮುಂಚೆ ಅವಳ ಅಪ್ಪ ಸುರಪುರಕ್ಕೆ ಹೋಗಿ ಮಾವನನ್ನು ವಿಚಾರಿಸಿದ್ದರಂತೆ. "ನೀವು ಎಲ್ಲಾದರ ಐಬು ಹೇಳಾವರು. ಹುಡುಗನ ಐಬು ಏನದ, ಹೇಳಿಬಿಡ್ರಿ" ಎಂದು ಕೇಳಿದರಂತೆ. ಮಾವ, "ಸಣ್ಣಾವಿದ್ದಾಗಿಂದ ಬಲ್ಲೆ. ಐಬಿಲ್ರಿ. ಹಗ್ಗ ಹಿಡೀರಿ" ಅಂದನಂತೆ. "ಭೀಮಣ್ಣನ ಬಾಯಾಗ ಐಬಿಲ್ಲ ಅಂತ ಬಂತು, ಇನ್ನೇನು ನೋಡೂದದ ಅಂತ ನಮ್ಮಪ್ಪ ಅಲ್ಲೇ ಒಪ್ಪಿಬಿಟ್ಟ" ಎಂದಳು ಹೆಂಡತಿ.

ಹೇಳಿಬಿಡಬೇಕು ಎಂದುಕೊಂಡು ಸುರಪುರಕ್ಕೆ ಹೋಗುವಷ್ಟರಲ್ಲಿ ಮಾವ ಹಾಸಿಗೆ ಹಿಡಿದಿದ್ದ. ಬಂಡಿಯಿಂದ ಬಿದ್ದು ಸೊಂಟ ಮುರಿದಿತ್ತು. ಅವನ ಕಾಲ ಬಳಿ ಕೂತೆ. ಗೂಟದಲ್ಲಿ ಆ ಹಗ್ಗ ಹಾಗೇ ಇತ್ತು, ಹೊಸದಾಗಿಯೇ.

"ಮಾವಾ, ಆ ಮೋಟಾರು..." ಎಂದು ಶುರು ಮಾಡಿದೆ.

ಅವನು ಕೈ ಎತ್ತಿ ತಡೆದ. "ಆರತಿ ಎತ್ತಿದ ಮ್ಯಾಲ ತಿರುಗಿ ಕೊಡಾಕ ಬರೂದಿಲ್ಲೋ ಅಳಿಯಾ. ಮೋಟಾರಾದರೇನು, ಮನಶ್ಯಾ ಆದರೇನು" ಅಂದ. ಆಮೇಲೆ ಗೋಡೆಯ ಕಡೆ ಮುಖ ಮಾಡಿಸು ಎಂದ. ಮಗ್ಗುಲಾಗಿಸಿದೆ. ಮುಂದಿನ ಸಂತೆಗೆ ಅವನಿರಲಿಲ್ಲ.

ಹೆಂಡತಿಗೂ ನಾನು ಹೇಳಲಿಲ್ಲ. ಅವಳು ತೀರಿಹೋಗಿ ಆರು ವರ್ಷವಾಯಿತು. ಆಯುಷ್ಯವೆಲ್ಲ ಕಂಡಕಂಡದ್ದರ ಐಬು ಹೇಳಿಕೊಂಡು ಬದುಕಿದ ಮಾವ ಹೇಳದೆ ಬಿಟ್ಟದ್ದು ನನ್ನದೊಂದೇ. ಅದನ್ನು ಇವತ್ತು ನಾನೇ ಹೇಳಿದ್ದೇನೆ.