ಮೂರು ತಲೆಮಾರಿನ ಹೆಸರು

ವರನ ಕಡೆಯ ಮೂರು ತಲೆಮಾರಿನ ಹೆಸರು ಬೇಕೆಂದು ಪುರೋಹಿತರು ಕೇಳಿದರು. ಕನ್ಯಾದಾನದಲ್ಲಿ ಮುತ್ತಜ್ಜ, ಅಜ್ಜ, ಅಪ್ಪ ಎಂದು ಮೂವರನ್ನೂ ಗಟ್ಟಿಯಾಗಿ ಹೇಳಬೇಕಲ್ಲ. ನನ್ನ ಮಗಳು ಮೆಚ್ಚಿದ ಹುಡುಗ ಸ್ಯಾನ್ ಫ್ರಾನ್ಸಿಸ್ಕೋ ಕಡೆಯ, ನಮ್ಮೂರಿಗೆ ಹತ್ತಿರದ ಕ್ಯಾಂಪ್‌ಬೆಲ್‌ನ ಅಮೆರಿಕನ್. ಮೂರೂ ಹೆಸರನ್ನು ಅವನೇ ಕಳಿಸಿದ. ನಾನು ಅಲ್ಲಿಗೆ ಸುಮ್ಮನಿರಬಹುದಿತ್ತು. ಆದರೆ ಮೈಸೂರಿನವಳು ನಾನು, ಹೆಣ್ಣು ಕೊಡುವ ಮನೆತನವನ್ನು ಕೆದಕದೆ ಬಿಡುವವಳಲ್ಲ. ವಂಶಾವಳಿ ಹುಡುಕುವ ವೆಬ್‌ಸೈಟಿನಲ್ಲಿ ಆ ಮೂವರಿಂದಲೂ ಹಿಂದಕ್ಕೆ ಹೋದೆ.

ಮುತ್ತಜ್ಜನ ಅಜ್ಜ ಇಂಗ್ಲೆಂಡಿನವನು. ಕುಡಿದು ಬಂದು ಹೆಂಡತಿಗೆ ಹೊಡೆದ, ಅವಳು ಸತ್ತಳು. ಕೊಲ್ಲುವ ಉದ್ದೇಶವಿರಲಿಲ್ಲವೆಂದು ಕೋರ್ಟು ಅವನನ್ನು ನೇಣಿಗೆ ಹಾಕದೆ, ಹಡಗು ಹತ್ತಿಸಿ ಆಸ್ಟ್ರೇಲಿಯಾಕ್ಕೆ ಗಡೀಪಾರು ಮಾಡಿತು. ಅಲ್ಲಿ ರಸ್ತೆಗೆ ಕಲ್ಲು ಒಡೆದ. ಬಿಡುಗಡೆಯಾದ ಮೇಲೆ, ಇಲ್ಲಿ ಚಿನ್ನ ಸಿಗುತ್ತದೆಂದು ಕೇಳಿ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದು, ಬಂದರಿನ ಹತ್ತಿರ ಹೆಂಡದಂಗಡಿ ಇಟ್ಟು, ಇನ್ನೊಬ್ಬಳನ್ನು ಕಟ್ಟಿಕೊಂಡ. ಆ ಎರಡನೆಯವಳು ಹೇಗೆ ಸತ್ತಳೆಂದು ಎಷ್ಟು ಹುಡುಕಿದರೂ ಸಿಗಲಿಲ್ಲ.

ಆಮೇಲೆ ಹುಡುಗ ಮಿಲ್ಪಿಟಾಸಿನ ನಮ್ಮ ಮನೆಗೆ ಬಂದಾಗಲೆಲ್ಲ ನನ್ನ ಕಣ್ಣು ಅವನ ಕೈಮೇಲೆಯೇ. ಎಷ್ಟು ದೊಡ್ಡ ಕೈ! ಅವನು ಹುರುಳಿಕಾಯಿ ಹೆಚ್ಚಿದರೂ ಭಯ, ಫ್ರಿಜ್ ಬಾಗಿಲು ತುಸು ಜೋರಾಗಿ ಮುಚ್ಚಿದರೂ ಭಯ. ಒಂದು ಭಾನುವಾರ ಮದುವೆಯ ಛತ್ರದ ವಿಷಯಕ್ಕೆ ಮಗಳು ಅವನ ಮೇಲೆ ರೇಗಿದಳು. ಅವನ ಕುತ್ತಿಗೆ ಕೆಂಪೇರಿತು. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. ಓಡಿಹೋಗಿ ಇಬ್ಬರ ನಡುವೆ ನಿಂತೆ, ಕೈಯಲ್ಲಿ ಸಾರಿನ ಸೌಟು ಬೇರೆ. ಅವನು ಬಾಗಿಲು ತೆರೆದು ಹೊರಗೆ ಹೋದ.

“ಏನಮ್ಮಾ ಇದು?” ಎಂದಳು ಮಗಳು.

ತಡೆಯಲಾಗಲಿಲ್ಲ, ಆ ಗಡೀಪಾರಾದವನ ಕತೆಯನ್ನೆಲ್ಲ ಹೇಳಿಬಿಟ್ಟೆ. “ಈ ಮದ್ವೆ ಬೇಡ ಕಣೇ. ನಂಗೆ ತುಂಬಾ ಹೆದ್ರಿಕೆ ಆಗ್ತಿದೆ.”

“ಐ ನೋ, ಅಮ್ಮ. ಡೇಟಿಂಗ್ ಶುರುವಾದಾಗ್ಲೇ ಅವನು ಎಲ್ಲ ಹೇಳಿದ್ದ. ಕೋಪ ಬಂದ್ರೆ ವಾಕಿಂಗ್ ಹೋಗ್ತಾನೆ, ಅವರಪ್ಪ ಕಲಿಸಿದ್ದು.” ಆಮೇಲೆ ಕೇಳಿದಳು, “ನಮ್ಮಜ್ಜಿ ಕೈ ಹೇಗೆ ಮುರೀತು ಅಂತ ನಾನು ಅವನಿಗೆ ಏನು ಹೇಳ್ಲಿ?”

ಅಜ್ಜಿ ಎಂದರೆ ನಮ್ಮ ಜೊತೆಯಲ್ಲೇ ಇರುವ ನನ್ನ ಅತ್ತೆ. ಅವರ ಬಲಗೈ ಮೊಣಕೈಯ ಹತ್ತಿರ ಸೊಟ್ಟ. ಬಚ್ಚಲಲ್ಲಿ ಜಾರಿಬಿದ್ದರು ಎಂಬುದು ಬಂದವರಿಗೆಲ್ಲ ನಮ್ಮ ಮನೆಯಲ್ಲಿ ಹೇಳುವ ಮಾತು. ಹೊಡೆದವರು ನನ್ನ ಮಾವ. ಅವರನ್ನು ಯಾವ ಕೋರ್ಟೂ ಕರೆಯಲಿಲ್ಲ, ಯಾರೂ ಹಡಗು ಹತ್ತಿಸಲಿಲ್ಲ. ಅವರು ತೀರಿಕೊಂಡು ಬಹಳ ವರ್ಷಗಳಾದವು.

ಮರುದಿನ ಪುರೋಹಿತರ ಫೋನು ಬಂತು. “ಹುಡುಗಿ ಕಡೆ ಮೂರು ಹೆಸರೂ ಹೇಳ್ಬಿಡಿ ಅಮ್ಮ, ಬರ್ಕೊಳ್ತೀನಿ.”

ಮುತ್ತಜ್ಜನದು ಹೇಳಿದೆ. ಆಮೇಲೆ ಅಜ್ಜನ, ಅಂದರೆ ನನ್ನ ಮಾವನ ಹೆಸರು ಹೇಳಿದೆ. ಸೋಫಾದಲ್ಲಿ ಕೂತಿದ್ದ ಅತ್ತೆ ಬೆಚ್ಚಿಬಿದ್ದು, ಸೊಟ್ಟ ಕೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡರು.