ಲಾರಿ ಸದ್ದಿನ ಪಿಕಪ್

ಲಾರಿ ಡ್ರೈವರ್ ಆಗಬೇಕೆಂದಿದ್ದ ಈ ಶಂಕ್ರೆಪ್ಪನ ಹಣೆಯಲ್ಲಿ ಬರೆದದ್ದು ಒಂದು ಹಳೇ ಪಿಕಪ್. ಎಂಬತ್ತರ ದಶಕದಲ್ಲಿ ಮರಾಠಿ ಸೀಮೆಯ ಸಾನಪಾಡಾದ ಹೊಸ ಬಿಲ್ಡಿಂಗ್‌ಗಳಿಗೆ ಅದರಲ್ಲೇ ಸಿಮೆಂಟು ಸಾಗಿಸುತ್ತಿದ್ದೆ. ದಿವಾದ ತಗಡಿನ ಗುಡಿಸಲಲ್ಲಿ ಹೆಂಡತಿ ದ್ರೌಪದಿಯ ಜೊತೆ ಸುಖವಾಗಿಯೇ ಇದ್ದೆ. ಆಗ ಮಗಳ ಸಂಸಾರ ನೋಡಲು ರಾಯಚೂರಿನಿಂದ ಮಾವ ಮಾಪಣ್ಣ ಬಂದರು. ಅವರು ಜೀವಮಾನವೆಲ್ಲ ದೊಡ್ಡ ಲಾರಿ ಓಡಿಸಿದವರು. ನನ್ನ ಪಿಕಪ್ ಓಣಿಗೆ ಬಂದದ್ದು ನೋಡಿ, "ಅಳಿಯಂದ್ರ, ಇದು ಗಾಡಿನೋ, ಹಿಟ್ಟಿನ ಗಿರಣಿನೋ?" ಎಂದರು.

ದ್ರೌಪದಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಮಾವ ಅಂದದ್ದನ್ನು ತಡೆದುಕೊಂಡೇನು, ಹೆಂಡತಿ ನಕ್ಕದ್ದು ಮಾತ್ರ ಹೊಟ್ಟೆಗೆ ಬೆಂಕಿ ಹಾಕಿತು. ಮಾವ ಊರಿಗೆ ಹೊರಡುವುದರೊಳಗೆ ಇಬ್ಬರ ಕಣ್ಣಲ್ಲೂ ನಾನು ದೊಡ್ಡವನಾಗಲೇಬೇಕಿತ್ತು. ಲಾರಿ ಕೊಳ್ಳುವ ಯೋಗ್ಯತೆ ಇಲ್ಲ, ಸದ್ದಾದರೂ ಇರಲಿ ಎಂದುಕೊಂಡೆ.

ಮರುದಿನ ಬಾಡಿಗೆಗೆ ಹೋಗದೆ, ಕಲ್ಯಾಣದ ಗೆಳೆಯ ಲೀಲಾಧರನ ಮನೆಯಂಗಳದಲ್ಲಿ ಗಾಡಿಯ ಕೆಳಗೆ ಹೊಕ್ಕೆ. ಅವನು ಉಡುಪಿ ಕಡೆಯವನು, ಫ್ಯಾಕ್ಟರಿಯಲ್ಲಿ ಫಿಟ್ಟರ್.

"ಎಂತ ಮಾರಾಯ, ಸರಿ ಇದ್ದ ಸೈಲೆನ್ಸರನ್ನು ಯಾರಾದರೂ ಕೊಯ್ಯುತ್ತಾರಾ? ನಿನ್ನ ಮಂಡೆ ಸಮ ಉಂಟಾ?" ಎಂದ.

ಯಾರು ಕೇಳುತ್ತಾರೆ? ಸೈಲೆನ್ಸರ್ ಸೀಳಿ ಒಳಗಿನ ತೂತಿನ ತಗಡುಗಳನ್ನೆಲ್ಲ ಕಿತ್ತೆ. ಹಿಂದಿನ ಸಣ್ಣ ಪೈಪು ತೆಗೆದು, ಗುಜರಿ ಮಾರುವ ಭಂಗಾರದವನಿಂದ ತಂದ ಲಾರಿಯ ದಪ್ಪ ಪೈಪು ಕೂರಿಸಿ, ಸಂದಿಗೆ ಎಣ್ಣೆ ಡಬ್ಬದ ತಗಡು ಸುತ್ತಿ ತಂತಿ ಬಿಗಿದೆ. ಸ್ಟಾರ್ಟ್ ಮಾಡಿದರೆ, ಅಬ್ಬಾ! ಲೀಲಾಧರನ ಮನೆಯ ಪಾತ್ರೆಗಳು ಗಡಗಡ ನಡುಗಿದವು. ಅವನು ಕಿವಿ ಮುಚ್ಚಿಕೊಂಡ, ನಾನು ಮೀಸೆ ತಿರುವಿದೆ.

ದಿವಾ ಹತ್ತಿರ ಬಂದಾಗ ಎಕ್ಸಲರೇಟರ್ ಇನ್ನಷ್ಟು ಒತ್ತಿದೆ. ಓಣಿಗೆ ತಿರುಗಿಸಿ ನೋಡಿದರೆ ಜನ ಓಡುತ್ತಿದ್ದಾರೆ. ನನ್ನ ಗಾಡಿ ನೋಡಲೆಂದೇ ಬಂದರೆಂದು ಕೈ ಬೀಸಿದೆ. ಒಬ್ಬಳ ತಲೆಯ ಮೇಲೆ ಕೊಡ, ಇನ್ನೊಬ್ಬನ ಹೆಗಲ ಮೇಲೆ ಮನೆಯ ಬಾಗಿಲು! "ಕೆಡವೋ ಲಾರಿ ಬಂತು!" ಎಂದು ಯಾರೋ ಕೂಗಿದಾಗ ಬೀಸುತ್ತಿದ್ದ ಕೈಯನ್ನು ಒಳಕ್ಕೆಳೆದುಕೊಂಡೆ. ನಮ್ಮ ಓಣಿಗೆ ಲಾರಿ ಅಂತ ಬರುತ್ತಿದ್ದುದು ಪರವಾನಗಿ ಇಲ್ಲದ ಗುಡಿಸಲು ಕೆಡವುವ ಮುನ್ಸಿಪಾಲ್ಟಿಯವರದ್ದು ಮಾತ್ರ. ಅವರ ಕೈಗೆ ಸಿಕ್ಕ ತಗಡು ವಾಪಸ್ ಬರುವುದಿಲ್ಲ. ಅದಕ್ಕೇ ಸದ್ದು ಕೇಳಿದೊಡನೆ ನಮ್ಮ ಮನೆ ನಾವೇ ಬಿಚ್ಚಿ ಹೊತ್ತೊಯ್ಯುವುದು ರೂಢಿ. ಇದು ನನಗೂ ಗೊತ್ತಿತ್ತು. ಮೀಸೆ ತಿರುವುವಾಗ ನೆನಪಾಗಲಿಲ್ಲ, ಅಷ್ಟೇ.

ಬಿಚ್ಚುವುದರಲ್ಲಿ ದ್ರೌಪದಿ ಎಲ್ಲರಿಗಿಂತ ಚುರುಕು. ನಮ್ಮ ಮನೆಯ ಜಾಗದಲ್ಲಿ ಬರೀ ಗಳಗಳು ನಿಂತಿದ್ದವು. ಮಾವ ತಗಡಿನ ಕಟ್ಟು ಹೊತ್ತು ಏದುಸಿರು ಬಿಡುತ್ತಿದ್ದರು. ನಾನು ಇಂಜಿನ್ ಬಂದ್ ಮಾಡಿದ್ದೇ ತಡ, ಎಲ್ಲರಿಗೂ ಅರ್ಥವಾಯಿತು. ಮರಾಠಿ, ಹಿಂದಿ, ಕನ್ನಡ ಮೂರರಲ್ಲೂ ನನ್ನ ಜನ್ಮ ಜಾಲಾಡಿದರು.

ಮಾವ ತಗಡು ಇಳಿಸಿ, "ಸದ್ದು ಲಾರೀದ ಐತ್ರಿ ಅಳಿಯಂದ್ರ, ಅದರಾಗ ಮಾತಿಲ್ಲ," ಎಂದರು.

ಸಂಜೆಯವರೆಗೂ ಓಣಿಯವರ ತಗಡಿಗೆಲ್ಲ ಮೊಳೆ ಹೊಡೆದೆ. ಹಸಿವಾಗಿ ರೊಟ್ಟಿ ಕೇಳಿದರೆ ದ್ರೌಪದಿ ಅತ್ತೇಬಿಟ್ಟಳು.

"ದಿನಾ ನಿಮ್ಮ ಗಾಡಿ ಸದ್ದು ರೈಲು ಫಾಟಕದಾಗ ಕೇಳಿದ ಕೂಡ್ಲೇ ರೊಟ್ಟಿ ಹಂಚಿಗೆ ಹಾಕತಿದ್ದೆ. ಇನ್ನ ಮ್ಯಾಲ ಬಂದದ್ದು ನೀವೋ, ಕೆಡವೋ ಲಾರಿನೋ ನನಗ ಹ್ಯಾಂಗ ತಿಳೀಬೇಕ್ರಿ?"

ದಿನವೂ ಬಿಸಿ ರೊಟ್ಟಿ ತಿಂದಿದ್ದೆ, ಅದು ಹೇಗೆ ಬಿಸಿ ಇರುತ್ತದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂತೋಷವಾಯಿತು. ಬೆಳಗಾದೊಡನೆ ಹಳೆಯ ಪೈಪು, ಕಿತ್ತ ತಗಡುಗಳನ್ನು ತರಲು ಕಲ್ಯಾಣಕ್ಕೆ ಹೊರಟೆ. ಗಾಡಿ ಸ್ಟಾರ್ಟ್ ಮಾಡುವ ಧೈರ್ಯವಾಗಲಿಲ್ಲ, ರೈಲಿನಲ್ಲಿ ಹೋದೆ.