ಹುಳುಮನೆಯ ಬಾಗಿಲಿಗೆ ಬಂದ ಮೇಷ್ಟ್ರು

ಸುಮಾ, ಮಂಜು — ಗೌರಿಬಿದನೂರಿನ ಅಜ್ಜಿಯ ಓದು ಕೆಡಿಸಿದವರು ನಿಮ್ಮ ತಾತನಲ್ಲ. ನಾನು.

ಆ ಅಜ್ಜಿ, ವಿಮಲ, ತಾತನ ತಂಗಿ. ನಮ್ಮ ಕೆಂಚಾರ್ಲಹಳ್ಳಿಯಿಂದ ಕಾಲೇಜಿಗೆ ಹೋದ ಮೊದಲ ಹುಡುಗಿ, ಅದೂ ಸ್ಕಾಲರ್‌ಶಿಪ್ಪಿನಲ್ಲಿ. ನನ್ನದು ಊರ ಶಾಲೆಯ ಮೂರನೇ ಕ್ಲಾಸು. ರೇಷ್ಮೆಹುಳು ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ನೆಂಟರೆಲ್ಲ ಕೂತಿದ್ದಾಗ ಅವಳು ಅಂದಳು: "ಹುಳಾನೂ ನಾಲ್ಕು ಜ್ವರ ದಾಟುತ್ತೆ. ನೀನು ನಾಲ್ಕನೇ ಕ್ಲಾಸು ದಾಟ್ಲಿಲ್ವಲ್ಲ ಅತ್ತಿಗೆ!" ಎಲ್ಲರೂ ನಕ್ಕರು. ತಾತನೂ.

ಆ ವರ್ಷ ನನ್ನ ಅತ್ತೆ, ವಿಮಲಳ ತಾಯಿ, ಹಾಸಿಗೆ ಹಿಡಿದರು. ಮನೆಯಲ್ಲಿ ಸಾಕಿದ್ದ ರೇಷ್ಮೆಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹಾಕಲು ಕೈ ಸಾಲದೆ ವಿಮಲಳನ್ನು ಕರೆಸಿಕೊಂಡೆವು. ತಾತ ಕಾಲೇಜಿಗೆ ಹೋಗಿ, ಹೆಸರು ತೆಗೆಯಿರಿ, ಆಮೇಲೆ ಸೇರಿಸುತ್ತೇನೆ ಎಂದು ಹೇಳಿ ಬಂದರು. ಫೀಸು ವಾಪಸು ಬರುತ್ತದೆ, ಸ್ಕಾಲರ್‌ಶಿಪ್ಪು ಕಾಯುತ್ತದೆ ಎಂದೇ ಎಲ್ಲರೂ ನಂಬಿದ್ದೆವು.

ಒಂದು ಮಧ್ಯಾಹ್ನ ಕಾಲೇಜಿನ ಮೇಷ್ಟ್ರೊಬ್ಬರು ಬಂದರು. ಹುಳುವಿಗೆ ರೋಗ ತಗಲುತ್ತದೆಂದು ಹೊರಗಿನವರನ್ನು ಹುಳುಮನೆಯೊಳಗೆ ಬಿಡುವುದಿಲ್ಲ. ನಾನೇ ಹೊರಗೆ ಹೋದೆ.

"ಒಳಗೆ ಹೇಳಿಬಿಡಿ ತಾಯಿ. ಹೆಸರು ಇನ್ನೂ ತೆಗೆದಿಲ್ಲ. ತೆಗೆದ್ರೆ ಫೀಸು ವಾಪಸ್ ಬರಲ್ಲ, ತಗೊಂಡಿರೋ ಸ್ಕಾಲರ್‌ಶಿಪ್ಪೂ ಕಟ್ಟಬೇಕಾಗುತ್ತೆ. ಸೋಮವಾರದೊಳಗೆ ಬಂದು ರಜಾ ಬರ್ಕೊಟ್ರೆ ಎಲ್ಲಾ ಉಳಿಯುತ್ತೆ."

"ಹೇಳ್ತೀನಿ ಸ್ವಾಮಿ."

ಒಳಗೆ ಬಂದೆ. ವಿಮಲ ತಟ್ಟೆಗಳ ಮೇಲೆ ಸೊಪ್ಪು ಹರಡುತ್ತಿದ್ದಳು. "ಯಾರು ಅತ್ತಿಗೆ?"

"ಸೊಪ್ಪು ಕೇಳೋಕೆ ಬಂದಿದ್ರು. ಇಲ್ಲ ಅಂದೆ."

ಅಷ್ಟೇ. ಸೋಮವಾರ ಕಳೆಯಿತು — ನನಗೆ ನೆನಪಿತ್ತು, ಬೆಳಗಿನಿಂದ ಸಂಜೆಯವರೆಗೂ ನೆನಪಿತ್ತು.

ಫೀಸು ಬರಲಿಲ್ಲ. ಸ್ಕಾಲರ್‌ಶಿಪ್ಪು ವಾಪಸು ಕಟ್ಟಲು ಅವಳ ಓಲೆಯನ್ನೇ ಮಾರಿದರು. ಮತ್ತೆ ಕಾಲೇಜಿಗೆ ಕಳಿಸಲು ಏನೂ ಉಳಿಯಲಿಲ್ಲ. ಮದುವೆ ಮಾಡಿ ಕಳಿಸಿದರು. "ನೀನೇ ನನ್ನ ಓದು ನುಂಗಿದೆ ಕಣಣ್ಣ" ಎಂದು ಹೊರಟವಳು ತಾತನ ಜೊತೆ ಮತ್ತೆ ಮಾತಾಡಲಿಲ್ಲ. ಅವರು ತೀರಿಕೊಂಡಾಗಲೂ ದೂರವೇ ನಿಂತಿದ್ದಳು. ಕಾಲೇಜಿನ ನಿಯಮ ತನಗೆ ತಿಳಿಯಲಿಲ್ಲವಲ್ಲ ಎಂದು ತಾತ ಕೊನೆಯವರೆಗೂ ತಮ್ಮನ್ನೇ ಬೈದುಕೊಂಡರು. ಪಕ್ಕದಲ್ಲೇ ಕೂತು ಅನ್ನ ಬಡಿಸುತ್ತಿದ್ದೆ, ಬಾಯಿ ಬಿಡಲಿಲ್ಲ.

ವಿಮಲಳನ್ನು ಕಂಡರೆ ನನಗೆ ಇವತ್ತಿಗೂ ಆಗುವುದಿಲ್ಲ. ಆ ನಗುವನ್ನೂ ಮರೆತಿಲ್ಲ. ಆದರೆ ಅವಳ ಸಿಟ್ಟು ನನಗೆ ಸೇರಬೇಕಾದದ್ದು —

ಎದುರು ನಿಂತು ಹೇಳುವ ಬಾಯಿ ನನಗಿಲ್ಲ. ಅವಳು ಬಂದಾಗ ಈ ಕಾಗದ ನೀವೇ ಓದಿ ಹೇಳಿ. ನಾನು ಅಲ್ಲೇ ಕೂತಿರುತ್ತೇನೆ. ಬೈದರೆ ತಡೆಯಬೇಡಿ. ಹಾಳೆ ಹರಿಯಲು ಬಂದರೆ ಮಾತ್ರ ಕೊಡಬೇಡಿ. ತಾತನ ಮೇಲಿನ ಅಪವಾದ ಅಳಿಸಲು ಇದೊಂದೇ ಇರುವುದು. ಜೋಪಾನವಾಗಿಡಿ.